ನಾಲ್ಕು ಸ್ಕ್ರೂ, ಎರಡು ಮನೆ

ಕಚೇರಿಯಲ್ಲಿ ಅವರ ನಿಜವಾದ ಹೆಸರು ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತಿತ್ತು. ಉಳಿದವರೆಲ್ಲ ಅವರನ್ನು ನಾನೇರಾಯರು ಎಂದೇ ಕರೆಯುತ್ತಿದ್ದರು. ಫ್ಯಾನ್ ನಿಂತರೆ "ನಾನೇ ನೋಡ್ತೀನಿ", ಬೀರುವಿನ ಬೀಗ ಕಚ್ಚಿಕೊಂಡರೆ "ನಾನೇ ತೆಗೀತೀನಿ", ಮೇಲಧಿಕಾರಿಯ ಕುರ್ಚಿ ಕಿರುಗುಟ್ಟಿದರೆ "ನಾನೇ ಸರಿ ಮಾಡ್ತೀನಿ". ಅವರು ನೋಡಿದ ಫ್ಯಾನು ಆಮೇಲೆ ಹಿಂದುಮುಂದಾಗಿ ತಿರುಗಿತು. ತೆಗೆದ ಬೀಗವನ್ನು ಮತ್ತೆ ಹಾಕಲು ಬರಲಿಲ್ಲ. ಮೇಲಧಿಕಾರಿಯ ಕುರ್ಚಿಯ ವಿಷಯವನ್ನು ಕಚೇರಿಯಲ್ಲಿ ಈಗ ಯಾರೂ ಎತ್ತುವುದಿಲ್ಲ.

ಇಂಥ ರಾಯರ ಮನೆಯಲ್ಲಿ ಕೂರಲು ಜಾಗವಿರಲಿಲ್ಲ. ಹೆಂಡತಿ ಹೊಲಿಗೆಯವರು. ಒಂದು ಶಾಲೆಯ ಮಕ್ಕಳಿಗೆ ನಲವತ್ತು ಜೊತೆ ಸಮವಸ್ತ್ರ ಹೊಲಿದುಕೊಡಲು ಒಪ್ಪಿಕೊಂಡಿದ್ದರು. ವಾರ ಕಳೆದು ಬರುವ ಸೋಮವಾರ ಬೆಳಿಗ್ಗೆ ಕೊಡಬೇಕು. ನೀಲಿ ಬಟ್ಟೆಯ ಗಂಟುಗಳು ಕುರ್ಚಿಯ ಮೇಲೆ, ಮಂಚದ ಮೇಲೆ, ಟಿವಿಯ ಮೇಲೆ, ಕೊನೆಗೆ ರಾಯರ ಮಡಿಲಲ್ಲೂ ಕೂತಿದ್ದವು. ಒಂದು ಬೆಳಿಗ್ಗೆ ಅವರು ಬೂಟಿಗೆ ಕಾಲು ತುರುಕಿದಾಗ ಒಳಗೆ ಹದಿನೆಂಟು ಗುಂಡಿಗಳು ಸಿಕ್ಕವು.

"ಮುಂದಿನ ವಾರ ಶನಿವಾರ ಅಣ್ಣ ಬರ್ತಾನೆ," ಎಂದರು ಹೆಂಡತಿ, ಆ ಗುಂಡಿಗಳನ್ನು ಎಣಿಸಿ ಡಬ್ಬಕ್ಕೆ ಹಾಕುತ್ತ. "ಶೆಲ್ಫ್ ಮಾಡಿ ಮುಂಚೇನೇ ಕಳಿಸಿದ್ದಾನೆ. ಬಂದು ಗೋಡೆಗೆ ಕೂರಿಸಿಕೊಡ್ತಾನೆ. ಅಲ್ಲೀವರೆಗೆ ಸುಧಾರಿಸ್ಕೊಳ್ಳಿ."

ಅಣ್ಣ ಎಂದರೆ ಇಪ್ಪತ್ತೈದು ವರ್ಷದಿಂದ ಬಡಗಿ ಕೆಲಸ ಮಾಡುತ್ತಿರುವ ಭಾವ. ರಾಯರು ಒಮ್ಮೆ ಅವರೆದುರಿಗೆ ಸುತ್ತಿಗೆ ಕೈಗೆತ್ತಿಕೊಂಡಾಗ, "ಭಾವನೋರೇ, ಅದನ್ನ ಪೆನ್ನಿನ ಥರ ಹಿಡೀಬಾರ್ದು," ಎಂದು ನಾಲ್ಕು ಜನರ ಮುಂದೆ ಹೇಳಿದ್ದ ಮನುಷ್ಯ. ಆ ಮಾತು ರಾಯರ ಎದೆಯಲ್ಲಿ ಇನ್ನೂ ಕೂತಿತ್ತು.

"ಒಂದು ಶೆಲ್ಫ್ ಕೂರಿಸೋಕೆ ಅಷ್ಟು ದೂರದಿಂದ ಜನ ಬರ್ಬೇಕೇನೇ? ನಾನೇ ಕೂರಿಸ್ತೀನಿ."

ಹೆಂಡತಿ ಗುಂಡಿ ಎಣಿಸುವುದನ್ನು ನಿಲ್ಲಿಸಿದರು. "ಬೇಡಾ ರೀ," ಎಂದರು. ಆ ದನಿಯಲ್ಲಿ ಹದಿನಾರು ವರ್ಷದ ಸಂಸಾರವಿತ್ತು. ರಾಯರು ಆಗಲೇ ಬೀದಿಗಿಳಿದಿದ್ದರು.

ಬೀದಿಯ ಕೊನೆಗೆ ಹಾರ್ಡ್‌ವೇರ್ ಅಂಗಡಿ. ನೆಲದಿಂದ ಸೂರಿನವರೆಗೆ ಸಣ್ಣ ಸಣ್ಣ ಡ್ರಾಯರುಗಳು. ಒಳಗಿರುವುದು ಏನೆಂದು ತಿಳಿಯಲಿ ಎಂದು ಪ್ರತಿಯೊಂದರ ಮುಖಕ್ಕೂ ಒಂದೊಂದು ಸ್ಕ್ರೂ ಕಟ್ಟಿತ್ತು. ಅಂಗಡಿಯಮ್ಮ ಕನ್ನಡಕವನ್ನು ತಲೆಯ ಮೇಲಿಟ್ಟುಕೊಂಡು ಒಬ್ಬ ಪ್ಲಂಬರಿಗೆ ವಾಷರು ಹುಡುಕಿಕೊಡುತ್ತಿದ್ದರು. ಪಕ್ಕದಲ್ಲಿ ಒಬ್ಬ ಎಲೆಕ್ಟ್ರಿಷಿಯನ್ ಸರದಿ ಕಾಯುತ್ತಿದ್ದ. ಕೆಲಸ ಗೊತ್ತಿರುವ ಇಬ್ಬರ ನಡುವೆ ನಿಂತಾಗ ರಾಯರ ಎದೆ ತಾನಾಗಿಯೇ ಒಂದಿಂಚು ಮುಂದೆ ಬಂತು.

"ಸ್ಕ್ರೂ ಕೊಡಿ."

"ಯಾವುದು?"

"ಒಳ್ಳೇದು."

"ಕೆಟ್ಟದ್ದು ನಾನು ಇಟ್ಕೊಂಡಿಲ್ಲ," ಎಂದರು ಅಂಗಡಿಯಮ್ಮ. "ಏನನ್ನ ಏನಕ್ಕೆ ಕೂರಿಸ್ತೀರಿ? ಮರಕ್ಕೆ ಮರವಾ, ಮರಕ್ಕೆ ತಗಡಾ, ಗೋಡೆಗೆ ಮರವಾ?"

"ಗೋಡೆಗೆ ಶೆಲ್ಫು."

"ಗೋಡೆ ಇಟ್ಟಿಗೇದಾ, ಹಲಗೇದಾ? ಇಟ್ಟಿಗೆ ಆದ್ರೆ ತೂತು ಕೊರೆದು ಮೊದಲು ಪ್ಲಗ್ ತುರುಕ್ಬೇಕು. ಹಲಗೆ ಆದ್ರೆ ಹಿಂದೆ ಮರದ ನಿಲುವು ಎಲ್ಲಿದೆ ನೋಡಿ, ಅದಕ್ಕೇ ಕಚ್ಚಿಸ್ಬೇಕು. ತಟ್ಟಿ ನೋಡಿದ್ರಾ?"

ರಾಯರು ತಟ್ಟಿ ನೋಡಿರಲಿಲ್ಲ. ಬಾಡಿಗೆಗೆ ಕೊಡುವಾಗ ಮನೆ ಮಾಲೀಕರು, "ಒಂದಡಿ ದಪ್ಪದ ಇಟ್ಟಿಗೆ ಗೋಡೆ, ಪಕ್ಕದ ಮನೆಯವರು ಸೀನಿದ್ರೂ ಕೇಳಿಸಲ್ಲ," ಎಂದಿದ್ದರು. ಪಕ್ಕದ ಮನೆಯವರು ಸೀನಿದಾಗಲೆಲ್ಲ ರಾಯರ ಮನೆಯ ಲೋಟಗಳು ಅದುರುತ್ತಿದ್ದವು. ಆದರೂ ರಾಯರು ಮಾಲೀಕರ ಮಾತನ್ನೇ ನಂಬಿದ್ದರು.

"ಇಟ್ಟಿಗೆ. ಆದ್ರೆ ಪ್ಲಗ್ಗೆಲ್ಲ ಬೇಡ. ಅದು ಕೈಲಾಗದವರಿಗೆ."

ಪ್ಲಂಬರು ಕೆಮ್ಮಿದ. ಅಂಗಡಿಯಮ್ಮ ಕನ್ನಡಕವನ್ನು ಮೂಗಿಗೆ ಇಳಿಸಿ ರಾಯರನ್ನು ಒಮ್ಮೆ ಪೂರ್ತಿಯಾಗಿ ನೋಡಿದರು. ಆಮೇಲೆ ಕಟ್ಟೆಯ ಮೇಲೆ ಒಂದೂವರೆ ಇಂಚಿನದೊಂದು ಇಟ್ಟರು.

"ಇನ್ನೂ ದೊಡ್ಡದು," ಎಂದರು ರಾಯರು.

ಎರಡಿಂಚು ಬಂತು. "ಇನ್ನೂ." ಮೂರಿಂಚು ಬಂತು. "ಇದೆಲ್ಲ ಆಟಿಕೆ ಕಣಮ್ಮಾ. ಗಟ್ಟಿ ಕೆಲಸಕ್ಕೆ ಕೊಡಿ." ಕೊನೆಗೆ ಅಂಗಡಿಯಮ್ಮ ಏಣಿ ಹತ್ತಿ, ಸೂರಿನ ಹತ್ತಿರದ ಡ್ರಾಯರಿನಿಂದ ಧೂಳು ಊದಿ, ಬೆರಳಿಗಿಂತ ಉದ್ದದ ನಾಲ್ಕು ಸ್ಕ್ರೂ ತಂದರು.

"ಐದಿಂಚು. ಇದನ್ನ ಲಾರಿ ಬಾಡಿ ಕಟ್ಟೋರು ತಗೊಂಡ್ಹೋಗ್ತಾರೆ. ನೋಡಿ, ಮೇಲ್ಗಡೆ ಅರ್ಧ ನುಣುಪಾಗಿದೆ, ತುದಿ ಕಡೆ ಮಾತ್ರ ಸುತ್ತು ಇದೆ. ತುದಿ ಹೋಗಿ ಎದುರಿಗಿರೋದನ್ನ ಕಚ್ಚಿ ತನ್ನ ಕಡೆ ಎಳ್ಕೊಂಡುಬಿಡುತ್ತೆ. ಎದುರಿಗೇನಿದೆ ಅಂತ ನೋಡ್ಕೊಂಡು ಹಾಕಿ."

"ನನಗೆ ಹೇಳ್ತೀರಾ?" ಎಂದು ರಾಯರು ನಕ್ಕರು. ಒಂದು ದಿನದ ಮಟ್ಟಿಗೆ ಡ್ರಿಲ್ಲನ್ನೂ ಕೇಳಿ ಪಡೆದರು, ತೂತು ಕೊರೆಯಲು ಅದಕ್ಕೆ ಸಿಕ್ಕಿಸುವ ಉದ್ದನೆಯ ಬಿಟ್ಟನ್ನೂ ಆರಿಸಿಕೊಂಡರು.

ಆ ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಕೆಲಸ ಶುರುವಾಯಿತು. ಶೆಲ್ಫಿನ ಬೆನ್ನಿಗೆ ಭಾವ ಒಂದಿಂಚು ದಪ್ಪದ ಪಟ್ಟಿ ಜೋಡಿಸಿದ್ದರು. ಆ ಪಟ್ಟಿಯ ಮೂಲಕ ಗೋಡೆಗೆ ಸ್ಕ್ರೂ ಬಿಗಿದರೆ ಮುಗಿಯಿತು. ರಾಯರು ಡ್ರಿಲ್ಲು ಒತ್ತಿದರು. ಒಂದಡಿ ದಪ್ಪದ ಇಟ್ಟಿಗೆ ಗೋಡೆ ಬೆಣ್ಣೆಯ ಹಾಗೆ ಬಿಟ್ಟುಕೊಟ್ಟಿತು. ಡ್ರಿಲ್ಲಿನ ಬಿಟ್ಟಿಗೆ ಅಂಟಿಕೊಂಡು ಬಂದ ಪುಡಿ ಇಟ್ಟಿಗೆಯ ಕೆಂಪಲ್ಲ, ಮರದ ಹಳದಿ. ಬೇರೆಯವರಾಗಿದ್ದರೆ ಅನುಮಾನ ಪಡುತ್ತಿದ್ದರು. ರಾಯರು ತಮ್ಮ ತೋಳನ್ನು ಮುಟ್ಟಿ ನೋಡಿಕೊಂಡರು.

ನಾಲ್ಕು ಸ್ಕ್ರೂ ಕೂತವು. ಶೆಲ್ಫ್ ನಿಂತಿತು. ಹೆಂಡತಿ ಮೊದಲು ಒಂದು ಗಂಟು ಇಟ್ಟು ಎರಡು ಹೆಜ್ಜೆ ಹಿಂದೆ ಸರಿದರು. ಬೀಳಲಿಲ್ಲ. ಇನ್ನೊಂದು ಇಟ್ಟರು. ಆಗಲೂ ಬೀಳಲಿಲ್ಲ. "ಪರವಾಗಿಲ್ವೇ!" ಎಂದರು. ಅವರ ಬಾಯಿಂದ ಇದಕ್ಕಿಂತ ದೊಡ್ಡ ಪ್ರಶಸ್ತಿ ರಾಯರಿಗೆ ಯಾವತ್ತೂ ಸಿಕ್ಕಿರಲಿಲ್ಲ.

ಗೋಡೆಯ ಆ ಕಡೆ ಏನಾಯಿತು ಎನ್ನುವುದು ರಾಯರಿಗೆ ಆರು ದಿನ ಕಳೆದ ಮೇಲೆ ತಿಳಿಯಿತು. ನಾವು ಅಷ್ಟು ದಿನ ಕಾಯಬೇಕಾಗಿಲ್ಲ.

ಆ ಕಡೆ ಇದ್ದವರು ಕೋರ್ಟಿನಲ್ಲಿ ಮೂವತ್ತಮೂರು ವರ್ಷ ಗುಮಾಸ್ತರಾಗಿದ್ದು ನಿವೃತ್ತರಾದವರು. ಕೋರ್ಟು ಅವರನ್ನು ಬಿಟ್ಟಿತ್ತು, ಅವರು ಕೋರ್ಟನ್ನು ಬಿಟ್ಟಿರಲಿಲ್ಲ. ಕಾಫಿ ತಣ್ಣಗಿದ್ದರೆ, "ಸದರಿ ಕಾಫಿಯು ಬಿಸಿಯಿಲ್ಲದ ಕಾರಣ ಮರುಪರಿಶೀಲಿಸತಕ್ಕದ್ದು," ಎನ್ನುತ್ತಿದ್ದರು. ಬೀದಿಯವರು ಅವರಿಗಿಟ್ಟ ಹೆಸರು ಸದರಿಯವರು. ಅವರಿಗೂ ರಾಯರಿಗೂ ಹದಿನಾಲ್ಕು ತಿಂಗಳಿಂದ ಮಾತಿರಲಿಲ್ಲ. ಅವರ ಗೋಡೆ ಗಡಿಯಾರ ನಿಂತುಹೋದಾಗ ರಾಯರು "ನಾನೇ ಸರಿ ಮಾಡ್ತೀನಿ" ಎಂದಿದ್ದರು. ಗಡಿಯಾರ ಈಗ ನಡೆಯುತ್ತದೆ, ಆದರೆ ಮಧ್ಯಾಹ್ನ ಹನ್ನೆರಡಕ್ಕೆ ಹದಿಮೂರು ಹೊಡೆಯುತ್ತದೆ. ಇಬ್ಬರ ಹೆಂಡತಿಯರು ಮಾತ್ರ ದಿನಾ ಬಟ್ಟೆ ಒಣಹಾಕುವ ಹಗ್ಗದ ಹತ್ತಿರ ಅರ್ಧ ಗಂಟೆ ನಿಂತು ಮಾತಾಡುತ್ತಿದ್ದರು.

ಭಾನುವಾರ ವಾಕಿಂಗ್ ಮುಗಿಸಿ ಬಂದ ಸದರಿಯವರು ಗೋಡೆ ನೋಡಿ ಬಾಗಿಲಲ್ಲೇ ನಿಂತರು. ಗೋಡೆಯಿಂದ ಸಾಲಾಗಿ, ಅಳತೆ ಮಾಡಿಟ್ಟ ಹಾಗೆ, ನಾಲ್ಕು ಚೂಪು ತುದಿಗಳು ಹೊರಗೆ ಬಂದಿದ್ದವು. "ಅತಿಕ್ರಮಣ!" ಎಂದು ಕೂಗಲು ಅವರು ಉಸಿರೆಳೆದುಕೊಂಡರು. ಅಷ್ಟರಲ್ಲಿ ಅವರ ಹೆಂಡತಿ ಒಳಗಿಂದ ಬಂದು, ಕೈ ಒರೆಸಿಕೊಳ್ಳುತ್ತ, "ಅಂತೂ ಹಾಕಿದ್ರಲ್ಲಾ!" ಎಂದರು. "ಬಟ್ಟೆ ತೂಗುಹಾಕೋಕೆ ನಾಲ್ಕು ಮೊಳೆ ಹೊಡೀರಿ ಅಂತ ಒಂದು ವರ್ಷದಿಂದ ಬಡ್ಕೋತಿದ್ದೆ. ಎಷ್ಟು ನೀಟಾಗಿ ಹೊಡೆದಿದ್ದೀರಿ! ಗೆರೆ ಎಳೆದ ಹಾಗಿದೆ."

ಮೂವತ್ತನಾಲ್ಕು ವರ್ಷದ ದಾಂಪತ್ಯದಲ್ಲಿ ಸದರಿಯವರನ್ನು ಯಾರೂ ನೀಟು ಎಂದಿರಲಿಲ್ಲ. ಎಳೆದುಕೊಂಡ ಉಸಿರನ್ನು ಅವರು ನಿಧಾನವಾಗಿ ಬಿಟ್ಟರು.

"ಹೂಂ," ಎಂದರು. ಅವರ ಜೀವನದ ಅತಿ ಚಿಕ್ಕ ಹೇಳಿಕೆ ಅದು.

"ಆದ್ರೆ ಮೊಳೆ ಚೂಪಾಗಿದೆ, ಬಟ್ಟೆ ಹರಿಯುತ್ತೆ. ಒಂದು ಹಲಗೆ ತಂದು ಅದರ ಮೇಲೆ ಕೂರಿಸಿ, ಕೊಕ್ಕೆ ಹಾಕಿಬಿಡಿ. ನಿಮ್ಮ ಕೈಗೆ ಅದೇನು ದೊಡ್ಡದಲ್ಲ."

ಮಾರನೆಯ ದಿನ ಸದರಿಯವರು ಹಲಗೆ ತಂದರು. ತುದಿಗಳ ಮೇಲೆ ಒತ್ತಿಟ್ಟು ಸುತ್ತಿಗೆಯಿಂದ ಹೊಡೆದರು. ಅವರು ಆ ಕಡೆ ಒಂದೊಂದು ಏಟು ಹೊಡೆದಾಗಲೂ ಈ ಕಡೆ ರಾಯರ ಸ್ಕ್ರೂಗಳು ಒಂದೊಂದು ಎಳೆ ಹೊರಗೆ ಬಂದವು.

ಸಂಜೆ ಕಚೇರಿಯಿಂದ ಬಂದ ರಾಯರು ಶೆಲ್ಫ್ ನೋಡಿ ಗಾಬರಿಯಾದರು. ನಾಲ್ಕೂ ಸ್ಕ್ರೂಗಳ ತಲೆಗಳು ಪಟ್ಟಿಯಿಂದ ಮೇಲೆದ್ದು ಇಣುಕುತ್ತಿದ್ದವು.

"ಏನೇ ಇದು? ಯಾರಾದ್ರೂ ಮುಟ್ಟಿದ್ರಾ?"

"ಅದನ್ನ ಮುಟ್ಟೋ ಧೈರ್ಯ ಯಾರಿಗಿದೆ?"

ರಾಯರು ಸ್ಕ್ರೂಡ್ರೈವರ್ ತಂದು, ಹಲ್ಲು ಕಚ್ಚಿ, ನಾಲ್ಕನ್ನೂ ಬಿಗಿದರು. ಅಂಗಡಿಯಮ್ಮ ಹೇಳಿದ್ದು ಅಕ್ಷರಶಃ ನಡೆಯಿತು. ತುದಿಗಳು ಎದುರಿಗಿದ್ದ ಹಲಗೆಯನ್ನು ಕಚ್ಚಿ ತಮ್ಮ ಕಡೆಗೆ ಎಳೆದುಕೊಂಡವು. ಆ ಕಡೆ ಕುರ್ಚಿಯಲ್ಲಿ ಕೂತು ಅರೆಬರೆ ಕೂತ ತಮ್ಮ ಹಲಗೆಯನ್ನೇ ಚಿಂತೆಯಿಂದ ನೋಡುತ್ತಿದ್ದ ಸದರಿಯವರ ಕಣ್ಣೆದುರಿಗೆ ಅದು ಕಿರ್ ಕಿರ್ ಎನ್ನುತ್ತ ತಾನಾಗಿಯೇ ಹೋಗಿ ಗೋಡೆಗೆ ಅಂಟಿಕೊಂಡಿತು. ಸದರಿಯವರು ಸುತ್ತಿಗೆಯನ್ನು ನೋಡಿದರು, ಕೈಯನ್ನು ನೋಡಿದರು, ಹೆಂಡತಿಯನ್ನು ಕರೆದು ತೋರಿಸಿದರು.

ಹೀಗೆ ಎರಡು ಮನೆಗಳನ್ನು ನಾಲ್ಕು ಸ್ಕ್ರೂಗಳಿಂದ ಬಿಗಿದ ಕಾರ್ಯ, ಒಬ್ಬರ ಮುಖ ಒಬ್ಬರು ನೋಡದ ಇಬ್ಬರು ಗಂಡಸರ ಸಹಕಾರದಿಂದ ಪೂರ್ತಿಯಾಯಿತು.

ಮಂಗಳವಾರ ಸದರಿಯವರ ಹೆಂಡತಿ ಕೊಕ್ಕೆಗಳಿಗೆ ಛತ್ರಿ, ಎರಡು ಚೀಲ ಮತ್ತು ಗಂಡನ ಕರಿ ಕೋಟು ತೂಗುಹಾಕಿದರು. ಸದರಿಯವರು ಹುರುಪಿನಲ್ಲಿ ತಮ್ಮ ಕಾಯ್ದೆ ಪುಸ್ತಕಗಳನ್ನು ಒಂದು ಚೀಲಕ್ಕೆ ತುಂಬಿ ಅದನ್ನೂ ತೂಗುಹಾಕಿದರು. ಆ ಕಡೆಯ ತುದಿಗಳು ಕೆಳಗೆ ಜಗ್ಗಿದವು, ಈ ಕಡೆಯ ತಲೆಗಳು ಮೇಲೆದ್ದವು. ರಾಯರ ಶೆಲ್ಫ್ ಮುಂದಕ್ಕೆ ಬಗ್ಗಿತು. ಗುಂಡಿಯ ಡಬ್ಬವೊಂದು ಜಾರಿ ಬಂದು ಊಟಕ್ಕೆ ಕೂತಿದ್ದ ರಾಯರ ತಟ್ಟೆಗೆ ಬಿತ್ತು.

"ಭಾರ ಸಾಲ್ದು," ಎಂದು ತೀರ್ಮಾನಿಸಿದರು ರಾಯರು. "ಹಿಂದ್ಗಡೆಗೆ ಭಾರ ಇಟ್ರೆ ಸರಿಹೋಗುತ್ತೆ." ಇಸ್ತ್ರಿ ಪೆಟ್ಟಿಗೆಯನ್ನೂ ಕಟ್ಟಿಟ್ಟ ಹತ್ತು ಜೊತೆ ಸಮವಸ್ತ್ರವನ್ನೂ ಶೆಲ್ಫಿನ ಹಿಂಬದಿಗೆ ಒತ್ತಿದರು. ಶೆಲ್ಫ್ ನೆಟ್ಟಗಾಯಿತು. ಆ ಕಡೆ ಕರಿ ಕೋಟು ಒಂದು ಸಲ ಎದ್ದು ನಮಸ್ಕಾರ ಮಾಡಿದ ಹಾಗೆ ಹಾರಿ ನೆಲಕ್ಕೆ ಬಿತ್ತು.

ಸದರಿಯವರು ಕೋಟನ್ನು ಮತ್ತೆ ತೂಗುಹಾಕಿ, ಅದರ ಜೇಬಿಗೆ ಇನ್ನೊಂದು ಪುಸ್ತಕ ಇಟ್ಟರು. ರಾಯರು ಶೆಲ್ಫಿಗೆ ಇನ್ನೆರಡು ಗಂಟು ಸೇರಿಸಿದರು. ಎರಡು ದಿನ ಹೀಗೇ ನಡೆಯಿತು. ಎರಡೂ ಮನೆಯವರು ಒಂದೇ ತಕ್ಕಡಿಯ ಎರಡು ತಟ್ಟೆಗೆ ಸಾಮಾನು ಏರಿಸುತ್ತಲೇ ಇದ್ದರು. ತಕ್ಕಡಿಯಿದೆ ಎನ್ನುವುದು ಮಾತ್ರ ಯಾರಿಗೂ ಗೊತ್ತಿರಲಿಲ್ಲ.

ಗುರುವಾರ ಸದರಿಯವರು ಪೆನ್ನು ತೆಗೆದರು. ನಗರ ಕಚೇರಿಗೆ ಮೂರು ಪ್ರತಿಗಳಲ್ಲಿ ಅರ್ಜಿ ಹೋಯಿತು. "ವಿಷಯ: ಸದರಿ ಮನೆಯ ನಡುಗೋಡೆಯು ಮಂಗಳವಾರದಿಂದೀಚೆಗೆ ಸ್ವಇಚ್ಛೆಯಿಂದ ಚಲಿಸುತ್ತಿರುವ ಬಗ್ಗೆ."

ಶುಕ್ರವಾರ ಮಧ್ಯಾಹ್ನ ಕಟ್ಟಡ ಪರೀಕ್ಷಿಸುವ ಅಧಿಕಾರಿ ಬಂದರು. ಕೆಲಸಕ್ಕೆ ಸೇರಿ ಮೂರು ತಿಂಗಳಾಗಿತ್ತು. ಕೈಯಲ್ಲಿ ಮಟ್ಟ ನೋಡುವ ಹೊಸ ರಸಮಟ್ಟ, ಜೇಬಿನಲ್ಲಿ ಹೊಸ ಪೆನ್ಸಿಲ್ಲು. ರಾಯರು ವಿಷಯ ಕೇಳಿ ಅರ್ಧ ದಿನ ರಜೆ ಹಾಕಿ ಓಡಿಬಂದಿದ್ದರು. ಗೋಡೆ ಚಲಿಸುತ್ತಿದೆ ಎಂದು ತಿಳಿದು ಅವರಿಗೆ ಒಂದು ರೀತಿ ಸಮಾಧಾನವೇ ಆಗಿತ್ತು.

"ನಾನೂ ಅದನ್ನೇ ಅನ್ಕೊಂಡೆ ಸಾರ್," ಎಂದರು. "ನನ್ನ ಕೆಲಸದಲ್ಲಿ ತಪ್ಪಿರೋಕೆ ಸಾಧ್ಯಾನೇ ಇಲ್ಲ."

ಅಧಿಕಾರಿ ಶೆಲ್ಫಿನ ಮೇಲೆ ರಸಮಟ್ಟ ಇಟ್ಟರು. ಒಳಗಿನ ಗುಳ್ಳೆ ಗೋಡೆಯ ಕಡೆಗೆ ಓಡಿತು. ಶೆಲ್ಫಿನ ಅಂಚಿಗೆ ನೇರವಾಗಿ ಗೋಡೆಯ ಮೇಲೆ ಪೆನ್ಸಿಲಿನಿಂದ ಗುರುತು ಮಾಡಿ, ಪಕ್ಕದ ಮನೆಗೆ ಹೋದರು. ಸದರಿಯವರು ಅಧಿಕಾರಿಗೆ ಗೋಡೆ ಚೆನ್ನಾಗಿ ಕಾಣಲಿ ಎಂದು ಕೋಟು, ಚೀಲ, ಪುಸ್ತಕ ಎಲ್ಲವನ್ನೂ ಗೌರವದಿಂದ ತೆಗೆದಿಟ್ಟರು. ಅಧಿಕಾರಿ ಅಲ್ಲಿ ಅಳೆದು ವಾಪಸ್ ಬಂದು ನೋಡುತ್ತಾರೆ, ಶೆಲ್ಫ್ ಗುರುತಿಗಿಂತ ಅರ್ಧ ಇಂಚು ಕೆಳಗಿದೆ. ಗುಳ್ಳೆ ಇನ್ನೊಂದು ತುದಿಯಲ್ಲಿದೆ.

"ನೀವೇನಾದ್ರೂ ಮುಟ್ಟಿದ್ರಾ?"

"ಇಲ್ಲ ಸಾರ್, ಬೆರಳು ಕೂಡ ಸೋಕಿಸಿಲ್ಲ."

ಅಧಿಕಾರಿ ಮತ್ತೆ ಆ ಕಡೆ ಓಡಿದರು. ಅಷ್ಟರಲ್ಲಿ ರಾಯರ ಹೆಂಡತಿ, ಸೋಮವಾರದ ಚಿಂತೆಯಲ್ಲಿ, ಹೊಲಿಯಲೆಂದು ಶೆಲ್ಫಿನಿಂದ ನಾಲ್ಕು ಗಂಟು ಎತ್ತಿಕೊಂಡರು. ಆ ಕಡೆಯ ಹಲಗೆ ಅಧಿಕಾರಿಯ ಮೂಗಿನೆದುರೇ ಸರಕ್ಕನೆ ಕೆಳಗಿಳಿಯಿತು. ಮೂರನೆಯ ಸಲ ಈ ಕಡೆ ಬಂದಾಗ ಅವರ ಹಣೆಯಲ್ಲಿ ಬೆವರಿತ್ತು. ದನಿ ಪಿಸುಗುಟ್ಟುವಷ್ಟಕ್ಕೆ ಇಳಿದಿತ್ತು.

"ಗೋಡೆ ಉಸಿರಾಡ್ತಿದೆ ರೀ."

ನೋಟಿಸು ಬರೆಯಲು ಅವರಿಗೆ ಐದೇ ನಿಮಿಷ ಬೇಕಾಯಿತು. ಎರಡೂ ಮನೆಯವರು ನಾಳೆ ಬೆಳಿಗ್ಗೆ ಹನ್ನೊಂದರೊಳಗೆ ಸಾಮಾನು ಸಮೇತ ಹೊರಬರಬೇಕು. ಆಮೇಲೆ ಬಾಗಿಲಿಗೆ ಮೊಹರು. ಮಾಲೀಕರಿಗೆ ಫೋನ್ ಮಾಡಿದರೆ, "ನಾನು ಊರಲ್ಲಿಲ್ಲ, ಗೋಡೆ ಇಟ್ಟಿಗೇದೇ," ಎಂದು ಕೇಳದ ಪ್ರಶ್ನೆಗೂ ಉತ್ತರ ಕೊಟ್ಟು ಇಟ್ಟುಬಿಟ್ಟರು.

ಹೆಂಡತಿ ಹೊಲಿಗೆ ಯಂತ್ರದ ಮುಂದೆ ಕೂತು ನೋಟಿಸನ್ನು ಎರಡು ಸಲ ಓದಿದರು. "ಹದಿನಾಲ್ಕು ಜೊತೆ ಬಾಕಿ ಇದೆ," ಎಂದರು. "ರಸ್ತೇಲಿ ಕೂತು ಹೊಲೀಲಾ?" ರಾಯರು ಒಳಗೆ ಹೋಗಿ ಪಾತ್ರೆ ಕಟ್ಟತೊಡಗಿದರು.

ಶನಿವಾರ ಬೆಳಿಗ್ಗೆ ಬೀದಿಗೆ ಬೀದಿಯೇ ನೆರೆದಿತ್ತು. ಹಾಲಿನವನು ದೂರದ ಕಂಬದ ಹತ್ತಿರವೇ ಪಾಕೀಟು ಇಟ್ಟು ಹೋಗಿದ್ದ. ಎದುರುಮನೆಯವರು, "ನನಗೆ ಹೋದ ತಿಂಗಳೇ ಅನುಮಾನ ಬಂದಿತ್ತು, ಆ ಮನೆ ನನ್ನನ್ನೇ ನೋಡ್ದಂಗಾಗ್ತಿತ್ತು," ಎನ್ನುತ್ತಿದ್ದರು. ಎರಡು ಮನೆಯ ಮಂಚ, ಬೀರು, ಬಕೀಟುಗಳು ಅಂಗಳದಲ್ಲಿ ಬೆರೆತು ಯಾರದು ಯಾವುದು ತಿಳಿಯದಂತಾಗಿತ್ತು. ಹದಿಮೂರು ಹೊಡೆಯುವ ಗಡಿಯಾರ ಹೊಲಿಗೆ ಯಂತ್ರದ ಮೇಲೆ ಮಲಗಿತ್ತು. ಅಧಿಕಾರಿ ಮೊಹರಿನ ಪೆಟ್ಟಿಗೆ ಹಿಡಿದು ಗೇಟಿನಲ್ಲಿ ನಿಂತಿದ್ದರು. ಆಗ ಹೆಗಲಿಗೆ ಸಲಕರಣೆಯ ಚೀಲ ಹಾಕಿಕೊಂಡು ಭಾವ ಬಂದರು.

ತಂಗಿ ಎಲ್ಲವನ್ನೂ ಹೇಳಿದರು. ಭಾವ ಒಳಗೆ ಹೋಗಿ ಗೋಡೆಯನ್ನು ಬೆರಳ ಗೆಣ್ಣಿನಿಂದ ತಟ್ಟಿದರು. ಡಬ್, ಡಬ್, ಡಬ್. ಖಾಲಿ ಡಬ್ಬದ ಶಬ್ದ.

"ಇದನ್ನ ಇಟ್ಟಿಗೆ ಅಂದೋರು ಯಾರು?"

"ಮಾಲೀಕರು," ಎಂದರು ರಾಯರು.

"ಅರ್ಧರ್ಧ ಇಂಚಿನ ಎರಡು ಪ್ಲೈವುಡ್ ಹಾಳೆ, ಮಧ್ಯ ಎರಡಿಂಚು ಗಾಳಿ. ಒಟ್ಟು ಮೂರಿಂಚು. ಒಂದು ಹಾಲನ್ನ ಎರಡು ಮನೆ ಮಾಡಿದ್ದಾರೆ." ಭಾವ ಸ್ಕ್ರೂವಿನ ತಲೆಯ ಮೇಲೆ ಹೆಬ್ಬೆರಳಿಟ್ಟರು. "ಭಾವನೋರೇ, ಇದು ಎಷ್ಟುದ್ದ?"

"ಐದು."

"ಐದು ಏನು?"

"ಇಂಚು," ಎಂದರು ರಾಯರು. ಆ ಪದ ಅವರ ಬಾಯಿಂದ ಒಂದು ಸೂಜಿಯಷ್ಟೇ ಸಣ್ಣದಾಗಿ ಹೊರಬಂತು.

ಭಾವ ಮನಸ್ಸಿನಲ್ಲೇ ಲೆಕ್ಕ ಹಾಕಿದರು. ಪಟ್ಟಿ ಒಂದು, ಗೋಡೆ ಮೂರು, ಉಳಿದದ್ದು ಒಂದು. ಅವರು ನೇರ ಪಕ್ಕದ ಮನೆಗೆ ನಡೆದರು. ಹಿಂದೆ ಅಧಿಕಾರಿ, ಅವರ ಹಿಂದೆ ರಾಯರು, ಅವರ ಹಿಂದೆ ಬೀದಿ. ಹದಿನಾಲ್ಕು ತಿಂಗಳ ನಂತರ ರಾಯರು ಆ ಹೊಸ್ತಿಲು ದಾಟಿದರು. ದಾಟಿದ್ದೇ ತಡ, ಗೋಡೆಯ ಮೇಲಿದ್ದ ಹಲಗೆ ಅವರ ಕಣ್ಣಿಗೆ ಬಿತ್ತು.

"ಇದನ್ನ ಹಾಕಿದ್ದು ಯಾರು?" ಎಂದರು ಭಾವ.

ಸದರಿಯವರು ಹೆಂಡತಿಯ ಮುಖ ನೋಡಿದರು. ಆಮೇಲೆ ಬೆನ್ನು ನೆಟ್ಟಗೆ ಮಾಡಿ, "ನಾನು," ಎಂದರು.

"ಯಾವ ಸ್ಕ್ರೂ ಹಾಕಿದ್ರಿ?"

ಮೂವತ್ತಮೂರು ವರ್ಷದಲ್ಲಿ ಸಾವಿರಾರು ಸಾಕ್ಷಿಗಳು ಬೆವರಿದ್ದನ್ನು ನೋಡಿದ್ದ ಸದರಿಯವರು ಈಗ ತಾವೇ ಬೆವರಿದರು.

"ಸದರಿ ಸ್ಕ್ರೂಗಳು," ಎಂದರು ಕೊನೆಗೆ, "ನಾನು ಬರುವುದಕ್ಕೆ ಮೊದಲೇ ಅಸ್ತಿತ್ವದಲ್ಲಿದ್ದವು."

ಬೀದಿ ಒಟ್ಟಿಗೆ "ಓಹೋ" ಎಂದಿತು. ಭಾವ ರಾಯರನ್ನು ಅವರ ಮನೆಗೆ ಕಳಿಸಿ ಶೆಲ್ಫಿನ ಮೇಲೆ ಕೈ ಒತ್ತಲು ಹೇಳಿದರು. ಅಲ್ಲಿ ಶೆಲ್ಫ್ ಇಳಿಯಿತು, ಇಲ್ಲಿ ಹಲಗೆ ಎದ್ದಿತು. ಹಲಗೆ ಒತ್ತಿದರು, ಶೆಲ್ಫ್ ಎದ್ದಿತು. ಅಧಿಕಾರಿ ಆ ಕಡೆಗೂ ಈ ಕಡೆಗೂ ಎರಡು ಸಲ ಓಡಾಡಿ ನೋಡಿ, ಮೊಹರಿನ ಪೆಟ್ಟಿಗೆಯ ಮೇಲೇ ಕೂತುಬಿಟ್ಟರು.

ಸದರಿಯವರು ಹೆಂಡತಿಯ ಹತ್ತಿರ ಹೋಗಿ ತಲೆ ತಗ್ಗಿಸಿ ನಿಂತರು. "ಅಂದು ನಾನು ಹೂಂ ಅಂದದ್ದು ಸುಳ್ಳು ಹೇಳಿಕೆ. ಅದನ್ನ ಕಡತದಿಂದ ತೆಗೆದುಹಾಕತಕ್ಕದ್ದು."

"ನನಗೆ ಗೊತ್ತಿತ್ತು," ಎಂದರು ಆಕೆ.

"ಏನು ಗೊತ್ತಿತ್ತು?"

"ನೀವು ವಾಕಿಂಗ್ ಹೋಗಿದ್ರಿ. ಡ್ರಿಲ್ಲು ಆ ಕಡೆಯಿಂದ ಗುರ್ರ್ ಅಂತು, ಈ ಕಡೆಗೆ ತುದಿ ಬಂತು. ನಾನು ಇಲ್ಲೇ ತರಕಾರಿ ಹೆಚ್ತಿದ್ದೆ. ನನಗೇನು ಕಣ್ಣಿಲ್ವಾ, ಕಿವಿಯಿಲ್ವಾ?"

"ಮತ್ತೆ ನೀಟು ಅಂತ ಹೊಗಳಿದ್ದು?"

"ಹೊಗಳಿದ್ರೆ ಹಲಗೆ ತರ್ತೀರೇನೋ ಅಂತ. ತಂದ್ರಲ್ಲ."

ಬಿಚ್ಚುವ ಕೆಲಸವನ್ನು ಭಾವ ತಾವು ಮಾಡಲಿಲ್ಲ. "ಕೂರಿಸಿದೋರೇ ಬಿಚ್ಚಲಿ," ಎಂದು ಅಂಗಳದ ಮಂಚದ ಮೇಲೆ ಕೂತು ಕಾಫಿ ಕೇಳಿದರು. ಈ ಕಡೆಯಿಂದ ರಾಯರು ಸ್ಕ್ರೂ ತಿರುಗಿಸಬೇಕು. ಆ ಕಡೆಯಿಂದ ಸದರಿಯವರು ಹಲಗೆಯನ್ನು ಹಿಡಿದಿರಬೇಕು, ಇಲ್ಲದಿದ್ದರೆ ಅದು ಕಾಲಿನ ಮೇಲೆ ಬೀಳುತ್ತದೆ. ಇದು ಮಾತಾಡದೆ ಆಗುವ ಕೆಲಸವಲ್ಲ. ರಾಯರು ಸ್ಕ್ರೂಡ್ರೈವರ್ ಹಿಡಿದು ಎರಡು ನಿಮಿಷ ನಿಂತರು. ಆ ಕಡೆಯಿಂದಲೂ ಉಸಿರಾಟ ಕೇಳಿಸುತ್ತಿತ್ತು.

"ಹಿಡ್ಕೊಂಡಿದ್ದೀರಾ?" ಎಂದರು ರಾಯರು ಗೋಡೆಗೆ.

"ಹಿಡಿದಿರುತ್ತೇನೆ," ಎಂದಿತು ಗೋಡೆ.

"ಬಿಗಿಯಾಗಿ?"

"ತಾವು ತಿರುಗಿಸತಕ್ಕದ್ದು."

ರಾಯರು ತಿರುಗಿಸಿದರು. ಮೊದಲನೆಯದು ಬಂತು. ಎರಡನೆಯದು ಜಾಮ್ ಆಗಿತ್ತು. "ನೀವು ಸ್ವಲ್ಪ ನಿಮ್ಮ ಕಡೆಗೆ ಎಳೀರಿ," ಎಂದರು. "ಎಳೆಯುತ್ತಿದ್ದೇನೆ ಮಾರಾಯರೇ, ಅದು ಬರ್ತಾ ಇಲ್ಲ!" ಎಂದರು ಸದರಿಯವರು. ಕೋರ್ಟು ಅವರ ನಾಲಿಗೆಯಿಂದ ಮೊದಲ ಬಾರಿಗೆ ಇಳಿದಿತ್ತು. ಮೂರನೆಯದಕ್ಕೆ ಇಬ್ಬರೂ ಒಟ್ಟಿಗೆ "ಒಂದು, ಎರಡು" ಎಣಿಸಿದರು. ನಾಲ್ಕನೆಯದು ಬಂದಾಗ ಹಲಗೆ ಸದರಿಯವರ ಕೈಗೆ, ಶೆಲ್ಫ್ ರಾಯರ ತಲೆಗೆ ಬಂತು. ರಾಯರು ಅದನ್ನು ತಲೆಯ ಮೇಲೆ ಹೊತ್ತುಕೊಂಡೇ, "ಪೆಟ್ಟಾಗಲಿಲ್ಲ ತಾನೇ?" ಎಂದು ಆ ಕಡೆಗೆ ವಿಚಾರಿಸಿದರು.

ಆಮೇಲೆ ಭಾವ ಎದ್ದರು. ಗೋಡೆ ತಟ್ಟುತ್ತ ಹೋಗಿ, ಡಬ್ ಎನ್ನುವ ಶಬ್ದ ಠಕ್ ಎಂದು ಬದಲಾದ ಕಡೆ ಪೆನ್ಸಿಲ್ ಗುರುತು ಹಾಕಿದರು. ಅಲ್ಲೇ ಒಳಗೆ ಮರದ ನಿಲುವು ಇತ್ತು. ಸ್ಕ್ರೂವಿಗಿಂತ ಸಣ್ಣ ತೂತು ಕೊರೆದು, ಎರಡೂವರೆ ಇಂಚಿನ ಸ್ಕ್ರೂವನ್ನು ಸುಲಭವಾಗಿ ಇಳಿಯಲಿ ಎಂದು ಸೋಪಿಗೆ ಒಮ್ಮೆ ಉಜ್ಜಿ, ತಂಗಿಯ ಕೈಗೆ ಕೊಟ್ಟರು. "ನೀನೇ ಹಾಕು. ಶೆಲ್ಫ್ ನಿಂದು." ಹೊಲಿಗೆಯ ಕೈ ಹದವಾಗಿ ತಿರುಗಿಸಿತು. ರಾಯರು ಪಕ್ಕದಲ್ಲಿ ನಿಂತು ಟಾರ್ಚು ಹಿಡಿದರು. ಹಗಲಾಗಿತ್ತು, ಟಾರ್ಚು ಬೇಕಿರಲಿಲ್ಲ. ಯಾರೂ ಅವರನ್ನು ತಡೆಯಲಿಲ್ಲ. ಆ ಕಡೆಯ ಹಲಗೆಯೂ ಇನ್ನೊಂದು ನಿಲುವಿಗೆ, ತನ್ನದೇ ಸ್ಕ್ರೂಗಳ ಮೇಲೆ, ಬೇರೆಯಾಗಿ ಕೂತಿತು.

ಮಧ್ಯಾಹ್ನದ ಹೊತ್ತಿಗೆ ಸಾಮಾನುಗಳು ಒಳಗೆ ಹೋದವು. ಎರಡು ಬಕೀಟು ಅದಲುಬದಲಾದವು, ಯಾರೂ ಕೇಳಲಿಲ್ಲ. ಸದರಿಯವರ ಹೆಂಡತಿ ಮೆಟ್ಟಿಲಲ್ಲಿ ಕೂತು, ಬಾಕಿ ಉಳಿದ ಹದಿನಾಲ್ಕು ಜೊತೆಗೆ ಗುಂಡಿ ಹಾಕಲು ರಾಯರ ಹೆಂಡತಿಗೆ ಜೊತೆಯಾದರು. ಅಧಿಕಾರಿ ಮಾತ್ರ ಇನ್ನೂ ಅಂಗಳದಲ್ಲೇ ಇದ್ದರು. ನೋಟಿಸು ಹಿಂತೆಗೆದುಕೊಳ್ಳಲು ಒಂದು ಫಾರಂ ತುಂಬಬೇಕಿತ್ತು.

"ಗೋಡೆ ಚಲಿಸಲು ಕಾರಣ," ಎಂದು ಓದಿದರು. "ಭೂಕಂಪ, ನೆಲ ಕುಸಿತ, ನೀರು ಸೋರಿಕೆ, ಗೆದ್ದಲು, ಇತರೆ. ನಾನು ಇತರೆಗೆ ಗುರುತು ಹಾಕ್ತೀನಿ. ಆದ್ರೆ ಇತರೆ ಅಂದ್ರೆ ಏನು ಅಂತ ವಿವರ ಬರೀಬೇಕು. ಏನಂತ ಬರೀಲಿ?"

ರಾಯರು ಆಕಾಶ ನೋಡಿದರು. ಸದರಿಯವರು ನೆಲ ನೋಡಿದರು.

"ಗಂಡಂದಿರು ಅಂತ ಬರೀರಿ," ಎಂದರು ಸದರಿಯವರ ಹೆಂಡತಿ ಮೆಟ್ಟಿಲಿಂದಲೇ.

ಅಧಿಕಾರಿ ಬೇರೆ ದಾರಿ ಕಾಣದೆ ಬರೆದರು. ಫಾರಂನ ಮುಂದಿನ ಸಾಲಿಗೆ ಪೆನ್ನು ಇಳಿಯಿತು. "ಸಂಖ್ಯೆಯನ್ನೂ ಕೇಳಿದ್ದಾರಮ್ಮಾ."

"ಎರಡು," ಎಂದರು ರಾಯರ ಹೆಂಡತಿ, ಹಲ್ಲಿನಲ್ಲಿ ದಾರ ಕಡಿಯುತ್ತ.